ಕನ್ನಡಕದ ಜೊತೆ ಒಂದು ಮಾತ್ರೆ

ಕಂಡಕ್ಟರಮ್ಮನ ಗಂಟಲು ಎಂಥದ್ದೆಂದರೆ, ಅವಳು "ರೈಟ್" ಅಂದರೆ ಅವಳ ಬಸ್ಸಿನ ಜೊತೆಗೆ ಹಿಂದೆ ನಿಂತಿದ್ದ ಬಸ್ಸೂ ಹೊರಟುಬಿಡುತ್ತಿತ್ತು. ಹದಿನಾಲ್ಕು ವರ್ಷದಿಂದ ಅದೇ ರೂಟು, ಅದೇ ಚರ್ಮದ ಚೀಲ. ಟಿಕೆಟ್ ತೆಗೆಯದೆ ಕಿಟಕಿಯಾಚೆ ನೋಡುತ್ತ ಕೂತವನನ್ನು ಹಿಂದಲೆ ನೋಡಿಯೇ ಹಿಡಿಯುವ ಕಣ್ಣು ಅವಳದು. ಅಂಥವಳ ಬಾಯಿ ಒಂದು ಮಂಗಳವಾರ, ಮಾರ್ಕೆಟ್ಟಿಗೂ ದೊಡ್ಡಾಸ್ಪತ್ರೆಗೂ ನಡುವೆ, ಕಟ್ಟಿಹೋಯಿತು. ಕಟ್ಟಿಸಿದವಳು ಹೊಸ ಕನ್ನಡಕ ಹಾಕಿದ್ದ ಒಬ್ಬ ಮುದುಕಿ.

"ಕಂಡಕ್ಟ್ರಮ್ಮಾ, ಇದು ನಿಮ್ಮ ಯಜಮಾನ್ರ ಅಂಗಡೀದೇ. ಎಷ್ಟು ಚೆನ್ನಾಗಿ ಕಾಣುತ್ತೆ ಅಂತೀರಾ! ನಿಮ್ಮ ಮೀಸೆ ಕೂಡ ಕಾಣ್ತಾ ಇದೆ."

"ಕಾಣ್ಲಿ ಬಿಡಿ ಅಜ್ಜಿ. ಎಲ್ಲಿಗೆ ಟಿಕೆಟ್ಟು?"

"ಆಸ್ಪತ್ರೆಗೆ. ಅದಿರ್ಲಿ, ಒಂದು ಕೇಳ್ಬೇಕಿತ್ತು. ಕನ್ನಡಕದ ಜೊತೆ ಮಾತ್ರೆ ಕೊಟ್ಟಿದಾರಲ್ಲ, ಅದನ್ನ ಊಟಕ್ಕೆ ಮುಂಚೆ ನುಂಗ್ಬೇಕೋ, ಆಮೇಲೋ?"

"ಯಾವ ಮಾತ್ರೆ?"

ಮುದುಕಿ ಚೀಲದಿಂದ ಕನ್ನಡಕದ ಡಬ್ಬಿ ತೆಗೆದು ಮುಚ್ಚಳ ಎತ್ತಿದಳು. ಒಳಗಿನ ಬಟ್ಟೆಯ ಹಾಸಿನ ಮೂಲೆಯಲ್ಲಿ ಒಂದು ಬಿಳಿ ಗುಂಡು ಮಾತ್ರೆ, ನಡುವೆ ಗೆರೆ. ಆ ಗೆರೆ ಕಂಡಕ್ಟರಮ್ಮನಿಗೆ ತನ್ನ ಅಂಗೈ ಗೆರೆಗಿಂತ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಿಗ್ಗೆ ಒಂದು, ಸಂಜೆ ಒಂದು, ಅವಳೇ ಗಂಡನ ಕೈಗೆ ಹಾಕಿ, ನೀರು ಕೊಟ್ಟು, "ಬಾಯಿ ತೆಗೀರಿ, ನಾಲಿಗೆ ಎತ್ತಿ" ಅಂತ ನೋಡಿಯೇ ಬಿಡುತ್ತಿದ್ದಳು.

"ಎರಡಿತ್ತು. ಒಂದನ್ನ ನಮ್ಮನೆಯವ್ರು ನುಂಗಿದ್ರು. ಅವ್ರಿಗೂ ಕಣ್ಣು ಮಂಜು."

"ಅಯ್ಯೋ! ಏನಾದ್ರೂ ಆಯ್ತಾ?"

"ಏನೂ ಆಗ್ಲಿಲ್ಲ. ಕಣ್ಣೂ ಸರಿಹೋಗ್ಲಿಲ್ಲ."

"ಇದು ಕಣ್ಣಿಗಲ್ಲ ಅಜ್ಜಿ, ಕೈತಪ್ಪಿ ಬಂದಿದೆ," ಅಂತ ಮಾತ್ರೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಮೂರು ಸ್ಟಾಪು ಬಂದವು, ಹೋದವು. ಹತ್ತಿದವರು ಹತ್ತಿದರು, ಇಳಿದವರು ಇಳಿದರು. ಕಂಬಿ ಹಿಡಿದು ನಿಂತವಳು ನಿಂತೇ ಇದ್ದಳು.

ಡ್ರೈವರು ಕನ್ನಡಿಯಲ್ಲಿ ನೋಡಿ ಕೂಗಿದ. "ಏನಕ್ಕಾ, ಇವತ್ತು ಊರಿಗೆಲ್ಲ ಪುಕ್ಕಟೆನಾ?"

ಮಧ್ಯಾಹ್ನ ಪಾಳಿ ಮುಗಿದದ್ದೇ ಅವಳು ನೇರ ಗಂಡನ ಅಂಗಡಿಗೆ ಹೋದಳು. ಆ ಅಂಗಡಿ ಎಷ್ಟು ಚಿಕ್ಕದೆಂದರೆ ಗಿರಾಕಿ ಒಳಗೆ ಬಂದರೆ ಯಜಮಾನ ಉಸಿರು ಬಿಗಿಹಿಡಿಯಬೇಕು. ಒಂದು ಕುರ್ಚಿ, ಒಂದು ಕನ್ನಡಿ, ಗೋಡೆಯ ತುಂಬ ಫ್ರೇಮು, ಗಾಜು ಉಜ್ಜುವ ಕಲ್ಲು, ಫ್ರೇಮು ಬಗ್ಗಿಸಲು ಬಿಸಿ ಮರಳಿನ ತಟ್ಟೆ, ಸಾಸಿವೆಗಿಂತ ಸಣ್ಣ ಸ್ಕ್ರೂಗಳ ಡಬ್ಬಿ. ಬೀದಿಯವರೆಲ್ಲ ಅವನನ್ನು ಕನ್ನಡಕದವ ಅಂತಲೇ ಕರೆಯುತ್ತಿದ್ದರು. ಅವನು ಟೀ ಕುಡಿಯಲು ಹೋಗಿದ್ದ. ಕಂಡಕ್ಟರಮ್ಮ ಶೆಲ್ಫಿನ ಡಬ್ಬಿಗಳನ್ನು ಒಂದೊಂದಾಗಿ ತೆಗೆದಳು. ಮೂವತ್ತಾರರಲ್ಲಿ ಒಂದೊಂದು ಮಾತ್ರೆ ಇತ್ತು. ಇನ್ನೂ ನಾಲ್ಕು ಮರಳಿನ ತಟ್ಟೆಯ ಅಂಚಿನಲ್ಲಿ ಒಣಗಲು ಕೂತಿದ್ದವು. ದವಡೆ ಸಂದಿಯಲ್ಲಿ ಅಡಗಿಸಿ ತಂದದ್ದು ಒದ್ದೆಯಿರುತ್ತದಲ್ಲ!

ಟಿಕೆಟ್ ಇಲ್ಲದ ಊರನ್ನೆಲ್ಲ ಹಿಡಿದವಳು, ಮನೆಯ ಒಂದು ಬಾಯಿಯನ್ನು ಹಿಡಿಯಲಾರದೆ ಹೋಗಿದ್ದಳು. ಮೂರು ವಾರದ ಮಾತ್ರೆ.

ಎರಡು ವರ್ಷದ ಹಿಂದೆ ಇದೇ ಆಗಿತ್ತು. ಮಾತ್ರೆ ಬಿಟ್ಟ ಕನ್ನಡಕದವ ಮೊದಲು ನಿದ್ದೆ ಬಿಟ್ಟ, ಆಮೇಲೆ ಊಟ ಬಿಟ್ಟ, ಕೊನೆಗೆ ಊರನ್ನೇ ಬಿಟ್ಟ. ಒಂಬತ್ತು ದಿನ ಪತ್ತೆಯಿಲ್ಲ. ಸಿಕ್ಕಿದ್ದು ಆರು ಊರಾಚೆಯ ರೈಲ್ವೆ ಸ್ಟೇಷನ್ನಿನಲ್ಲಿ, ಬರಿಗಾಲಲ್ಲಿ. ಅಂಗಡಿಯ ಕನ್ನಡಕಗಳನ್ನೆಲ್ಲ ಎರಡು ಚೀಲದಲ್ಲಿ ಹೊತ್ತು ಹೋಗಿ, ಟಿಕೆಟ್ ಸಾಲಿನಲ್ಲಿ ನಿಂತವರಿಗೆಲ್ಲ ಹಾಕಿಬಿಟ್ಟಿದ್ದ. ಅವತ್ತು ಎಷ್ಟು ಜನ ತಪ್ಪು ರೈಲು ಹತ್ತಿದರೋ! ಮನೆಗೆ ತಂದ ಮೇಲೆ ಮೂರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದ. ಆಗ ಕಂಡಕ್ಟರಮ್ಮ ಒಂದು ಮಾತು ಹೇಳಿದ್ದಳು: "ಇನ್ನೊಂದು ಸಲ ಹೋದ್ರೆ ನಾನು ಹುಡ್ಕೋಕೆ ಬರಲ್ಲ. ಮಗಳನ್ನ ಕರ್ಕೊಂಡು ಬೇರೆ ಮನೆ ಮಾಡ್ತೀನಿ." ಆಡಿದ ಮಾತನ್ನು ನಡೆಸುವ ಹೆಂಗಸೆಂದು ಬೀದಿಗೆಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿತ್ತು, ಅದೇ ಅವಳ ಭಯ.

ಅವರ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲೆ, ಎರಡು ಕೋಣೆ, ಒಂದು ಅಡಿಗೆಮನೆ. ನಾಲ್ಕು ಜನ. ಮೂರನೆಯವಳು ಅತ್ತೆ, ಕನ್ನಡಕದವನ ತಾಯಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದ ಕೈ. ಎರಡು ನಿಮಿಷ ಸುಮ್ಮನೆ ಬಿದ್ದಿದ್ದನ್ನು ಕಂಡರೆ ಮಡಿಸಿಬಿಡುತ್ತಿದ್ದಳು. ದಿನಪತ್ರಿಕೆ, ಒರಸುವ ಬಟ್ಟೆ, ಒಮ್ಮೆ ಸೊಸೆಯ ಸಂಬಳದ ಚೀಟಿಯನ್ನೂ ಎಂಟು ಮಡಿಕೆ ಮಾಡಿ ಇಟ್ಟಿದ್ದಳು. ನಾಲ್ಕನೆಯವಳು ಮಗಳು, ಹತ್ತನೇ ಕ್ಲಾಸು. ಅವಳನ್ನು ಗಿಣಿ ಅನ್ನುತ್ತಿದ್ದರು, ಯಾಕೆಂದರೆ ಎಂಟು ತಿಂಗಳಿಂದ ಅವಳ ಕೆಲಸ ಅದೇ ಆಗಿತ್ತು. ಅತ್ತೆ ಸೊಸೆಗೆ ಮಾತಿರಲಿಲ್ಲ. ಎಂಟು ತಿಂಗಳ ಹಿಂದೆ ಒಂದು ಭಾನುವಾರ ಅತ್ತೆ ಮಗನಿಗೆ, "ಇಷ್ಟು ಚೆನ್ನಾಗಿದೀಯ, ಇನ್ನೂ ಯಾಕೋ ಆ ಮಾತ್ರೆ? ಹೊಟ್ಟೆ ಸುಟ್ಟುಹೋಗುತ್ತೆ," ಅಂದಿದ್ದಳು. ಸೊಸೆ ಅದನ್ನು ಕೇಳಿಸಿಕೊಂಡಿದ್ದಳು. ಅವತ್ತು ಆಡಬಾರದ್ದನ್ನೆಲ್ಲ ಆಡಿ ಮುಗಿಸಿದ್ದರಿಂದ ಆಮೇಲೆ ಆಡಲು ಏನೂ ಉಳಿದಿರಲಿಲ್ಲ.

ಆ ಸಂಜೆ ಊಟಕ್ಕೆ ಅನ್ನ, ಬೇಯಿಸಿದ ಆಲೂಗಡ್ಡೆ, ಮೊಟ್ಟೆ. ಕಂಡಕ್ಟರಮ್ಮ ತಟ್ಟೆ ಇಡುವ ಜಾಗದಲ್ಲಿ ಮಾತ್ರೆಗಳನ್ನು ಸುರಿದಳು. ಒಂದೆರಡು ಉರುಳಿ ಉಪ್ಪಿನ ಡಬ್ಬಿಯವರೆಗೂ ಹೋದವು.

"ಏನಿದು?"

"ಇದು ಗಿರಾಕಿಗಳಿಗೆ ನೀವು ಕೊಡ್ತಿರೋ ಉಡುಗೊರೆ."

ಕನ್ನಡಕದವ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಲೇ ಇದ್ದ. "ಮೂರು ವಾರ ಆಯ್ತು ಬಿಟ್ಟು. ಏನಾದ್ರೂ ಆಗಿದ್ಯಾ? ಹೇಳು. ಬಟ್ಟೆ ಹರ್ಕೊಂಡಿದೀನಾ? ಕಲ್ಲು ಹೊಡ್ದಿದೀನಾ?"

"ಗಿಣಿ, ನಿಮ್ಮಜ್ಜಿಗೆ ಹೇಳು, ಅವ್ರ ಬುದ್ಧಿವಾದ ಚೆನ್ನಾಗಿ ಫಲ ಕೊಟ್ಟಿದೆ ಅಂತ."

"ಗಿಣಿ, ನಿಮ್ಮಮ್ಮಂಗೆ ಹೇಳು, ನಾನು ಆ ಮಾತು ಆಡಿ ಎಂಟು ತಿಂಗಳಾಯ್ತು, ಇವ್ನು ಬಿಟ್ಟಿರೋದು ಮೂರು ವಾರ ಅಂತ."

"ಇಬ್ರೂ ಕೇಳಿಸ್ಕೊಂಡ್ರಲ್ಲ," ಅಂದಳು ಗಿಣಿ. "ನಾನು ಮೊಟ್ಟೆ ತಿನ್ಲಾ?"

"ಬಿಟ್ಟಿದ್ದು ಬಿಟ್ಟಿರಿ, ಎಸೀದೆ ಯಾಕೆ ಇಟ್ಕೊಂಡ್ರಿ?"

ಕನ್ನಡಕದವ ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಸರಿಸಿದ. "ಎಸೆಯೋಕೆ ಮನಸ್ಸು ಬರ್ಲಿಲ್ಲ. ಔಷಧಿ ಅಲ್ವಾ."

"ಈಗ ತಗೊಳ್ಳಿ. ನನ್ನ ಕಣ್ಮುಂದೆ."

"ಇಲ್ಲ."

"ಯಾಕೋ ಮಗನೇ, ತಗೊಳ್ಳೋ," ಅಂದಳು ತಾಯಿ. ಸೊಸೆ ತಿರುಗಿ ಅತ್ತೆಯ ಮುಖ ನೋಡಿದಳು. ಅತ್ತೆ ಒರಸುವ ಬಟ್ಟೆಯನ್ನು ಮಡಿಸತೊಡಗಿದಳು.

"ಬೇಡ ಅಂದ್ರೆ ಬೇಡ!" ಕನ್ನಡಕದವ ತಟ್ಟೆ ದೂಡಿ ಎದ್ದ. "ಮೂರು ಜನ ಹೆಂಗಸ್ರು ನನ್ನ ಬಾಯೊಳಗೆ ಬ್ಯಾಟ್ರಿ ಬಿಟ್ಟು ನೋಡೋದು ಸಾಕು. ಇನ್ನು ಈ ಮನೇಲಿ ನಾನು ಆ ಮಾತ್ರೆ ಮುಟ್ಟಲ್ಲ. ಮುಟ್ಟಿದ್ರೆ ನನ್ನ ಹೆಸ್ರು ಬದಲಾಯಿಸಿ ಕರೀರಿ!"

ಮಾತ್ರೆಗಳನ್ನು ಬಾಚಿ ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ಕೆಳಗೆ ಸೈಕಲ್ ರಿಪೇರಿಯವನ ಜೊತೆ ಜೋರಾಗಿ ನಗುವುದು ಕೇಳಿಸಿತು. ಆ ನಗು ಒಂದು ಮಟ್ಟ ಎತ್ತರದಲ್ಲಿತ್ತು. ಕಂಡಕ್ಟರಮ್ಮ ಆ ನಗುವನ್ನು ಬಲ್ಲಳು.

ಮುಂದಿನ ವಾರ ಅವನ ಉಮೇದು ಏರತೊಡಗಿತು. ಬೆಳಕು ಹರಿಯುವ ಮುಂಚೆ ಎದ್ದು ಮೆಟ್ಟಿಲು ತೊಳೆದ. ಗಂಜಿಯನ್ನು ನಿಂತೇ ಕುಡಿದ. ಒಂದು ಮಾತು ಮುಗಿಯುವ ಮುಂಚೆ ಇನ್ನೆರಡು ಹುಟ್ಟುತ್ತಿದ್ದವು. ಏಳು ಬಸ್ ಸ್ಟಾಪಿನಲ್ಲಿ ಏಳು ಅಂಗಡಿ ತೆಗೆಯುವುದಾಗಿ ಹೇಳಿದ, ಮಧ್ಯಾಹ್ನದ ಹೊತ್ತಿಗೆ ಅದು ಹನ್ನೊಂದಾಯಿತು. ಸೈಕಲ್ ಅಂಗಡಿಯ ನಾಯಿಗೆ ಕಣ್ಣು ಮಬ್ಬಾಗಿದೆಯೆಂದು ತೀರ್ಮಾನಿಸಿ ಕೆಂಪು ಫ್ರೇಮಿನ ಕನ್ನಡಕ ಮಾಡಿ, ಎಲಾಸ್ಟಿಕ್ ಕಟ್ಟಿ ತೊಡಿಸಿದ. ನಾಯಿ ಅದನ್ನು ಎರಡು ದಿನ ಹಾಕಿಕೊಂಡಿತ್ತು. ಆ ಎರಡು ದಿನ ಅದು ಗುರುತಿನವರಿಗೆ ಒಮ್ಮೆಯೂ ಬೊಗಳಲಿಲ್ಲವೆಂದು ಬೀದಿಯವರು ಇವತ್ತಿಗೂ ಆಣೆಯಿಟ್ಟು ಹೇಳುತ್ತಾರೆ.

ಬೀದಿ ನಕ್ಕಿತು. ಮನೆ ನಗಲಿಲ್ಲ. ಕಂಡಕ್ಟರಮ್ಮ ದಿನಕ್ಕೆ ಹತ್ತು ಸಲ ಫೋನು ಮಾಡುತ್ತಿದ್ದಳು.

"ತಗೊಂಡ್ರಾ?"

"ಇಲ್ಲ."

"ತಗೊಂಡ್ರಾ?"

"ಇಲ್ಲ ಅಂದ್ನಲ್ಲ! ಬಸ್ಸಲ್ಲಿ ಜನ ಇಲ್ವಾ ನಿಂಗೆ? ಅವ್ರನ್ನ ಕೇಳು ಹೋಗಿ!"

ಗುರುವಾರ ಬೆಳಿಗ್ಗೆ ಅವಳು ಮನಸ್ಸು ಗಟ್ಟಿ ಮಾಡಿದಳು. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಹೊಸ ಪಟ್ಟಿ ತಂದಳು. ಎರಡು ಚಮಚದ ನಡುವೆ ಮಾತ್ರೆ ಇಟ್ಟು ಒತ್ತಿ ಪುಡಿ ಮಾಡಿ, ಗಂಡ ಅಂಗಡಿಗೆ ಒಯ್ಯುವ ಟೀ ಫ್ಲಾಸ್ಕಿಗೆ ಹಾಕಿ, ಮೇಲೆ ಎರಡು ಪಟ್ಟು ಸಕ್ಕರೆ ಸುರಿದಳು. ಬೆಳಿಗ್ಗೆಯದೂ ಸಂಜೆಯದೂ ಒಟ್ಟಿಗೇ. ತಿರುಗಿದರೆ ಬಾಗಿಲಲ್ಲಿ ಗಿಣಿ, ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿ.

"ನೋಡಿದ್ಯಾ?"

ಗಿಣಿ ತಲೆಯಾಡಿಸಿದಳು.

"ಯಾರಿಗೂ ಹೇಳ್ಬೇಡ. ಅದ್ರಲ್ಲೂ ನಿಮ್ಮಜ್ಜಿಗೆ. ಹೇಳಿದ್ರೆ ನನ್ನ ಮೇಲಾಣೆ."

ಗಿಣಿ ಏನೋ ಹೇಳಲು ಬ್ರಷ್ಷು ತೆಗೆದಳು. ಆಮೇಲೆ ಮತ್ತೆ ಬಾಯಿಗಿಟ್ಟುಕೊಂಡು ಹೋದಳು.

ಮೂರನೇ ವಾರ ಎಲ್ಲ ತಣ್ಣಗಾಯಿತು. ಹನ್ನೊಂದು ಅಂಗಡಿಯ ಮಾತು ನಿಂತಿತು. ನಾಯಿಯ ಕನ್ನಡಕ ಹೋಗಿ ಮೊಳೆಗೆ ನೇತುಬಿತ್ತು. ಕನ್ನಡಕದವ ಕೂತು ಊಟ ಮಾಡಿದ, ಬೆಳಿಗ್ಗೆ ಬಿಸಿಲು ಬಂದ ಮೇಲೆ ಎದ್ದ. ಕಂಡಕ್ಟರಮ್ಮ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು. ಅತ್ತೆಯ ಮುಖದಲ್ಲೂ ಯಾಕೋ ಒಂದು ಗೆಲುವು ಕಾಣುತ್ತಿತ್ತು. ಮಗನ ಗಂಜಿಯನ್ನು ಅವಳೀಗ ಬೇರೆ ಯಾರಿಗೂ ಬಡಿಸಲು ಬಿಡುತ್ತಿರಲಿಲ್ಲ. ಗಂಜಿ ಪಾತ್ರೆಯ ಹತ್ತಿರ ಬೆಕ್ಕು ಬಂದರೂ ಸೌಟು ಎತ್ತುತ್ತಿದ್ದಳು.

"ಗಂಜಿ ಉಪ್ಪುಪ್ಪು," ಅಂದ ಕನ್ನಡಕದವ ಒಂದು ಬೆಳಿಗ್ಗೆ. "ಟೀನೂ ಉಪ್ಪುಪ್ಪು ಇರುತ್ತೆ. ನನ್ನ ನಾಲಿಗೇನೇ ಕೆಟ್ಟಿರ್ಬೇಕು."

"ಕುಡಿಯೋ ಸುಮ್ನೆ!"

"ಕುಡೀರಿ ಸುಮ್ನೆ!"

ಎರಡು ಬಾಯಿಂದ ಒಟ್ಟಿಗೇ ಬಂತು. ಎಂಟು ತಿಂಗಳಲ್ಲಿ ಅತ್ತೆ ಸೊಸೆ ಒಂದೇ ಮಾತು ಆಡಿದ್ದು ಅದೇ ಮೊದಲು. ಇಬ್ಬರೂ ಬೆಚ್ಚಿ ಬೇರೆ ಬೇರೆ ಕಡೆ ನೋಡಿದರು. ಗಿಣಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಅರ್ಧ ಗಂಟೆ ಮುಂಚೆಯೇ ಸ್ಕೂಲಿಗೆ ಹೊರಟುಹೋದಳು.

ಕೈ ನಡುಗತೊಡಗಿತು. ಚಮಚ ಬಟ್ಟಲಿಗೆ ಬಡಿದು ಗಂಟೆಯಂತೆ ಸದ್ದು ಮಾಡುತ್ತಿತ್ತು. ಮಾತ್ರೆ ಒಳಗೆ ಹೋದರೆ ಕೈ ಸ್ವಲ್ಪ ನಡುಗುತ್ತದೆಂದು ಕಂಡಕ್ಟರಮ್ಮನಿಗೆ ಮೊದಲಿಂದ ಗೊತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಅವಳ ಎದೆ ಹಗುರಾಗುತ್ತಿತ್ತು. ಔಷಧಿ ಹೋಗುತ್ತಿದೆ, ಇವರು ಎಲ್ಲಿಗೂ ಹೋಗುವುದಿಲ್ಲ.

ನಡುಕ ಕೈಯಿಂದ ತೋಳಿಗೆ ಹತ್ತಿತು. ಅವನು ಬಿಂದಿಗೆಗಟ್ಟಲೆ ನೀರು ಕುಡಿದ. ಆಮೇಲೆ ವಾಂತಿ, ಭೇದಿ. ತಾಯಿ, "ಹೊಟ್ಟೆ ಕೆಟ್ಟಿದೆ, ಗಂಜಿ ಬಿಟ್ರೆ ಬೇರೇನೂ ಬೇಡ," ಅಂತ ಎರಡು ಹೊತ್ತಿನ ಗಂಜಿಯನ್ನು ಮೂರು ಹೊತ್ತು ಮಾಡಿದಳು. ಹೆಂಡತಿ, "ಮೈಯಲ್ಲಿ ನೀರಿಲ್ಲ, ಟೀ ಆದ್ರೂ ಕುಡೀರಿ," ಅಂತ ದೊಡ್ಡ ಫ್ಲಾಸ್ಕು ಕೊಟ್ಟಳು. ಅವನು ನಿಂತ ನೆಲದ ಮೇಲೆ, ಓಡುವ ಬಸ್ಸಿನೊಳಗೆ ನಡೆಯುವವನ ಹಾಗೆ ನಡೆಯುತ್ತಿದ್ದ. ಮಾತು ತೊದಲಿತು.

"ಕುಡೀತಿದಾನಾ ನಿಮ್ಮಪ್ಪ?" ಅಂತ ಸೈಕಲ್ ರಿಪೇರಿಯವ ಗಿಣಿಯನ್ನು ಕೇಳಿದ.

"ಹೂಂ," ಅಂದಳು ಗಿಣಿ, "ಗಂಜಿ, ಟೀ." ಅಂದವಳ ಕಣ್ಣು ತುಂಬಿತ್ತು. ಅವನು ಅದನ್ನು ಗಮನಿಸಲಿಲ್ಲ.

ಶುಕ್ರವಾರ ಹನ್ನೆರಡರ ಹೊತ್ತಿಗೆ ಕನ್ನಡಕದವ ಅಂಗಡಿಯ ಕುರ್ಚಿಯಿಂದ ಜಾರಿ ಬಿದ್ದ. ಸೈಕಲ್ ರಿಪೇರಿಯವ ಆಟೋದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಒಯ್ದ. ಕಂಡಕ್ಟರಮ್ಮ ಅರ್ಧ ದಾರಿಯಲ್ಲಿ ಬಸ್ಸು ಇಳಿದು, ಚರ್ಮದ ಚೀಲದ ಸಮೇತ ಓಡಿಬಂದಳು. ಅತ್ತೆ, ಗಿಣಿ ಅವಳಿಗಿಂತ ಮುಂಚೆ ಬಂದಿದ್ದರು.

ಡಾಕ್ಟರಮ್ಮ ಗಿಡ್ಡ ಹೆಂಗಸು. ಸ್ಟೂಲಿನ ಮೇಲೆ ಕೂತರೆ ಕಾಲು ನೆಲಕ್ಕೆ ತಾಗದು. ರಕ್ತದ ರಿಪೋರ್ಟು ಹಿಡಿದು ಮೂವರನ್ನೂ ನೋಡಿದಳು.

"ಮನಸ್ಸಿನ ಏರಿಳಿತಕ್ಕೆ ಕೊಡೋ ಮಾತ್ರೆ ಇದ್ಯಲ್ಲ, ಲಿಥಿಯಂ, ಅದು ರಕ್ತದಲ್ಲಿ ವಿಷ ಆಗೋ ಮಟ್ಟಕ್ಕೆ ಹೋಗಿದೆ. ಇನ್ನೆರಡು ದಿನ ಬಿಟ್ಟಿದ್ರೆ ಕಿಡ್ನಿ ಹೋಗ್ತಿತ್ತು, ಜೀವಾನೂ ಹೋಗ್ತಿತ್ತು. ದಿನಕ್ಕೆ ಎಷ್ಟು ತಗೋತಿದ್ರು ಇವ್ರು?"

"ಎರಡೇ," ಅಂದಳು ಕಂಡಕ್ಟರಮ್ಮ. "ಎರಡಕ್ಕಿಂತ ಒಂದು ಚೂರು ಹೆಚ್ಚಿಲ್ಲ ಡಾಕ್ಟ್ರೇ. ನಾನೇ ಪುಡಿ ಮಾಡಿ ಟೀಗೆ ಹಾಕ್ತಿದ್ದೆ."

ಅತ್ತೆ ಹಾಸಿಗೆಯ ಕಬ್ಬಿಣ ಹಿಡಿದುಕೊಂಡಳು. "ಟೀಗಾ?"

"ಹೂಂ."

"ನಾನು ಗಂಜಿಗೆ ಹಾಕ್ತಿದ್ನಲ್ಲೇ!"

ಕಂಡಕ್ಟರಮ್ಮ ಹಾಸಿಗೆಯ ಇನ್ನೊಂದು ಬದಿಯ ಕಬ್ಬಿಣ ಹಿಡಿದಳು. ಡ್ರಿಪ್ಪಿನ ಬಾಟಲಿಯಲ್ಲಿ ಹನಿ ಬೀಳುತ್ತಿತ್ತು. ಆಗ ಹಾಸಿಗೆಯಿಂದ ತೊದಲು ದನಿ ಬಂತು.

"ನಾ... ನಾನೂ."

"ಏನಂದ್ರಿ?"

"ನಾನೂ ತಗೋತಿದ್ದೆ. ಅಂಗಡೀಲಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಇಪ್ಪತ್ತು ವರ್ಷದಲ್ಲಿ ಮಾತ್ರೆ ನುಂಗದವರನ್ನು ಲಾರಿಗಟ್ಟಲೆ ನೋಡಿದ್ದಳು. ಒಂದು ಮನೆಯವರೆಲ್ಲ ಸೇರಿ, ಒಬ್ಬರಿಗೊಬ್ಬರು ಹೇಳದೆ, ಒಬ್ಬನಿಗೇ ಮೂರು ಪಾಲು ನುಂಗಿಸಿದ್ದನ್ನು ನೋಡಿರಲಿಲ್ಲ.

"ಮುಟ್ಟಲ್ಲ ಅಂತ ಕೂಗಾಡಿದ್ರಲ್ಲ!" ಅಂದಳು ಕಂಡಕ್ಟರಮ್ಮ.

"ಕೂಗಾಡಿದ್ದೆ. ಅದಕ್ಕೇ ನಿಂಗೆ ಹೇಳ್ಲಿಲ್ಲ." ಅವನು ನಿಧಾನಕ್ಕೆ, ಒಂದೊಂದೇ ಮಾತನ್ನು ಹುಡುಕಿ ತೆಗೆದ. "ಒಬ್ಬ ಟೀಚರಮ್ಮ ಕನ್ನಡಕ ವಾಪಸ್ ತಂದ್ರು. ಮೆಟ್ಟಿಲು ಸೊಟ್ಟ ಕಾಣುತ್ತೆ, ಬಿದ್ದೆ ಅಂದ್ರು. ನೋಡಿದ್ರೆ ಬಲಗಣ್ಣಿಂದು ಎಡಕ್ಕೆ ಹಾಕಿದೀನಿ. ಆ ದಿನ ಮಾಡಿದ್ದೆಲ್ಲ ತೆಗ್ದು ನೋಡ್ದೆ. ಹನ್ನೊಂದು ಕನ್ನಡಕ. ಹನ್ನೊಂದೂ ತಪ್ಪು. ಹೆದ್ರಿಕೆ ಆಯ್ತು. ಅವತ್ತು ಜೇಬಿಗೆ ಹಾಕ್ಕೊಂಡ ಮಾತ್ರೆ ಇತ್ತಲ್ಲ..."

"ನಂಗೆ ಇಬ್ರುದೂ ಗೊತ್ತಿತ್ತು," ಅಂದಳು ಗಿಣಿ.

ಎಲ್ಲರೂ ತಿರುಗಿದರು. ಅವಳು ಗೋಡೆಗೆ ಒರಗಿ ನಿಂತಿದ್ದಳು.

"ಅಜ್ಜಿ ಆಸ್ಪತ್ರೆ ಗುರುತಿನವ್ರಿಂದ ತಂದು ಗಂಜಿಗೆ ಹಾಕೋದೂ ನೋಡಿದ್ದೆ, ಅಮ್ಮ ಟೀಗೆ ಹಾಕೋದೂ ನೋಡಿದ್ದೆ. ಅಜ್ಜಿ ಯಾರಿಗೂ ಹೇಳ್ಬೇಡ, ಅದ್ರಲ್ಲೂ ನಿಮ್ಮಮ್ಮಂಗೆ ಅಂದ್ರು. ಅಮ್ಮ ಅಜ್ಜಿಗೆ ಹೇಳ್ಬೇಡ ಅಂದ್ಲು. ಇಬ್ರೂ ಆಣೆ ಹಾಕಿದ್ರಿ. ಬೇರೆಲ್ಲ ಹೇಳು ಹೇಳು ಅಂತೀರ. ಇದೊಂದು ಹೇಳ್ಬೇಡ ಅಂದ್ರಿ!" ಅಂದವಳು ಗೋಡೆಯ ಕಡೆ ತಿರುಗಿ ಅಳತೊಡಗಿದಳು.

ಎತ್ತಿಕೊಳ್ಳಲು ಹೋದದ್ದು ಅತ್ತೆ. ಹದಿನೈದು ವರ್ಷದ ಹುಡುಗಿಯನ್ನು ಎತ್ತಿಕೊಳ್ಳಲಾಗುತ್ತದೆಯೇ? ಆದರೂ ಎತ್ತಲು ನೋಡಿದಳು. ಕಂಡಕ್ಟರಮ್ಮ ನಿಂತಲ್ಲೇ ನಿಂತಿದ್ದಳು. ಮೊದಲು ಬಿಟ್ಟದ್ದೇ ಯಾಕೆ ಅಂತ ಡಾಕ್ಟರಮ್ಮ ಕೇಳುತ್ತಿದ್ದುದು, ಗಂಡ ಉತ್ತರ ಕೊಡುತ್ತಿದ್ದುದು ಅವಳಿಗೆ ದೂರದಿಂದ ಕೇಳಿಸಿತು.

"ಸ್ಕ್ರೂ ಹಿಡಿಯೋಕಾಗ್ತಿರ್ಲಿಲ್ಲ ಡಾಕ್ಟ್ರೇ. ಕಡ್ಡಿ ಕೂರಿಸೋ ಸ್ಕ್ರೂ ಇರುತ್ತಲ್ಲ, ಇರುವೆ ತಲೆಯಷ್ಟು. ಇಕ್ಕಳದಲ್ಲಿ ಹಿಡಿದ್ರೆ ಕೈ ಅದುರಿ ಬೀಳುತ್ತೆ. ನೆಲದಲ್ಲಿ ಬಿದ್ರೆ ಸಿಗಲ್ಲ. ದಿನಾ ಮಂಡಿಯೂರಿ ಅರ್ಧ ಗಂಟೆ ಹುಡುಕ್ತಿದ್ದೆ, ಗಿರಾಕಿ ಕೂತು ನೋಡ್ತಿರ್ತಿದ್ರು."

"ಮನೇಲಿ ಹೇಳ್ಲಿಲ್ವಾ?"

ಅವನು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ. ಡಾಕ್ಟರಮ್ಮ ಹೆಂಡತಿಯ ಕಡೆ ತಿರುಗಿದಳು. "ನೀವು ಕೇಳ್ಲಿಲ್ವಾ?"

"ದಿನಕ್ಕೆ ಹತ್ತು ಸಲ ಕೇಳ್ತಿದ್ದೆ."

"ಏನಂತ?"

"ತಗೊಂಡ್ರಾ ಅಂತ," ಅಂದಳು ಕಂಡಕ್ಟರಮ್ಮ. ಹೇಳಿ ಮುಗಿಸಿದ ಮೇಲೆ ಚರ್ಮದ ಚೀಲದ ಪಟ್ಟಿಯನ್ನು ಬಿಗಿ ಮಾಡಿದಳು, ಆಮೇಲೆ ಸಡಿಲ ಮಾಡಿದಳು.

"ನಡುಕಕ್ಕೆ ದಾರಿ ಇದೆ ರೀ," ಅಂದಳು ಡಾಕ್ಟರಮ್ಮ. "ಡೋಸು ಇಳಿಸ್ಬಹುದು, ಹೊತ್ತು ಬದಲಾಯಿಸ್ಬಹುದು, ನಡುಕಕ್ಕೇ ಬೇರೆ ಸಣ್ಣ ಮಾತ್ರೆ ಇದೆ. ಬಂದು ಒಂದು ಮಾತು ಹೇಳಿದ್ರೆ ಅವತ್ತೇ ಆಗೋದು."

ಕನ್ನಡಕದವ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಊಟ ಒಯ್ಯುವುದು ಅತ್ತೆಯ ಪಾಲಿಗೆ ಬಂತು, ಆದರೆ ನರ್ಸು ಅವಳ ಗಂಜಿಯನ್ನು ಬಾಗಿಲಲ್ಲೇ ತಡೆದು, "ಇದ್ರಲ್ಲಿ ಏನಿದೆ ಅಜ್ಜಿ?" ಅಂತ ಕೇಳುತ್ತಿದ್ದಳು. ಅತ್ತೆ ದಿನಾ ಎರಡು ಚಮಚ ತಾನೇ ತಿಂದು ತೋರಿಸುತ್ತಿದ್ದಳು. ವಾರ್ಡಿನ ಖಾಲಿ ಮಂಚಗಳ ಹೊದಿಕೆಗಳನ್ನೆಲ್ಲ ಮಡಿಸಿಟ್ಟಳು. ಆರನೇ ದಿನ ಅವನ ಕೈಯ ನಡುಕ ನಿಂತಿತು. ರಕ್ತ ಸರಿಹೋದ ಮೇಲೆ ಡಾಕ್ಟರಮ್ಮ ಕಡಿಮೆ ಡೋಸಿನಿಂದ ಹೊಸದಾಗಿ ಶುರು ಮಾಡಿದಳು, ತಿಂಗಳು ತಿಂಗಳು ರಕ್ತ ಪರೀಕ್ಷೆಗೆ ಬರಬೇಕೆಂದಳು. ಕೊನೆಗೆ ಮಾತ್ರೆಯ ಪಟ್ಟಿಯನ್ನು ಎತ್ತಿ ಹಿಡಿದು ಕೇಳಿದಳು.

"ಇನ್ನು ಇದು ಒಂದೇ ಕೈಲಿರ್ಬೇಕು. ಯಾರ ಕೈಲಿ?"

"ನನ್ನ ಹತ್ರ ಕೊಡಿ, ನಾನು ಹೆತ್ತವಳು," ಅಂದಳು ಅತ್ತೆ.

"ನಾನು ಕಟ್ಕೊಂಡವಳು," ಅಂದಳು ಸೊಸೆ.

"ನನ್ನ ಹೊಟ್ಟೆ ಅಲ್ವಾ ಅದು?" ಅಂದ ಕನ್ನಡಕದವ.

ಡಾಕ್ಟರಮ್ಮ ಪಟ್ಟಿಯನ್ನು ಅವನಿಗೆ ಕೊಟ್ಟಳು. "ನೀವಿಬ್ರೂ ಕಣ್ಣಿಟ್ಟಿರಿ. ನಿದ್ದೆ ಬಿಟ್ರೆ, ಮಾತು ಜಾಸ್ತಿ ಆದ್ರೆ, ಕೈಕಾಲು ಮತ್ತೆ ನಡುಗಿದ್ರೆ ನಂಗೆ ಫೋನ್ ಮಾಡಿ. ಅಡಿಗೆಮನೇಲಿ ಡಾಕ್ಟ್ರಾಗ್ಬೇಡಿ."

ಮನೆಗೆ ಬಂದ ಮೇಲೆ ಗಿಣಿ ಒಂದು ಕಾಯಿದೆ ಮಾಡಿದಳು: ತಗೊಂಡ್ಯಾ ಅಂತ ಯಾರೂ ಕೇಳಕೂಡದು, ಅಮ್ಮ ಅಜ್ಜಿ ತಮ್ಮ ಮಾತನ್ನು ತಾವೇ ಆಡಿಕೊಳ್ಳಬೇಕು, ಅವಳು ಇನ್ನು ಒಂದು ಅಕ್ಷರವನ್ನೂ ಹೊರುವುದಿಲ್ಲ. ಮೊದಲೆರಡು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೂರನೇ ದಿನ ಅತ್ತೆಗೆ ಉಪ್ಪಿನ ಡಬ್ಬಿ ಬೇಕಾಯಿತು. ಅದು ಸೊಸೆಯ ಪಕ್ಕದಲ್ಲಿತ್ತು. ಗಿಣಿಯ ಕಡೆ ನೋಡಿದಳು. ಗಿಣಿ ಪುಸ್ತಕ ಓದುತ್ತಿದ್ದಳು.

"ಉಪ್ಪು," ಅಂದಳು ಅತ್ತೆ, ಗಾಳಿಗೆ.

ಕಂಡಕ್ಟರಮ್ಮ ಡಬ್ಬಿ ದೂಡಿದಳು. "ನೋಡ್ಕೊಂಡು ಹಾಕಿ ಅತ್ತೆ. ನಿಮ್ಮ ಕೈ ಸ್ವಲ್ಪ ಮುಂದು."

"ನಿನ್ನ ಟೀಗಿಂತ ವಾಸಿ ಕಣೆ."

ಕನ್ನಡಕದವ ಮೊದಲು ನಕ್ಕ. ಆ ನಗು ಎತ್ತರದಲ್ಲೇನೂ ಇರಲಿಲ್ಲ, ಸಾಮಾನ್ಯ ನಗು.

ಕೇಳದಿರುವುದು ಕಂಡಕ್ಟರಮ್ಮನಿಗೆ ಸುಲಭವಾಗಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು, ಅದನ್ನು ನುಂಗಿ ನುಂಗಿ ಹೊಟ್ಟೆ ತುಂಬುತ್ತಿತ್ತು. ಬಸ್ಸಿನಲ್ಲಿ ಅದರ ಸಿಟ್ಟನ್ನೆಲ್ಲ ತೀರಿಸಿಕೊಳ್ಳುತ್ತಿದ್ದಳು. "ತಗೊಂಡ್ಯಾ? ಟಿಕೆಟ್ ತಗೊಂಡ್ಯಾ?" ಅಂತ ಒಬ್ಬೊಬ್ಬರನ್ನೂ ಎರಡೆರಡು ಸಲ ಕೇಳುತ್ತಿದ್ದಳು. ಆ ತಿಂಗಳು ಅವಳ ರೂಟಿನಲ್ಲಿ ಒಂದು ಸೊಳ್ಳೆಯೂ ಪುಕ್ಕಟೆ ಹೋಗಲಿಲ್ಲ.

ಐದನೇ ವಾರದ ಒಂದು ಬುಧವಾರ, ಬೆಳಿಗ್ಗೆ ಬ್ರೆಡ್ಡು ತಿನ್ನುವಾಗ, ಕನ್ನಡಕದವ ಯಾರೂ ಕೇಳದೆಯೇ ಹೇಳಿದ.

"ಇವತ್ತು ಮಾತ್ರೆ ತಗೊಂಡಿಲ್ಲ ಕಣೆ."

ಅತ್ತೆಯ ಕೈಯಲ್ಲಿ ಬಟ್ಟೆ ಅರ್ಧ ಮಡಿಕೆಯಲ್ಲೇ ನಿಂತಿತು. ಗಿಣಿ ತಲೆಯೆತ್ತಿದಳು. ಕಂಡಕ್ಟರಮ್ಮನ ಬಾಯಿಗೆ ನೂರು ಮಾತು ಒಟ್ಟಿಗೇ ನುಗ್ಗಿದವು: ಬೇರೆ ಮನೆಯ ಮಾತು, ರೈಲ್ವೆ ಸ್ಟೇಷನ್ನಿನ ಮಾತು, ನಾಯಿಯ ಮಾತು. ಬಸ್ಸಿನ ಬಾಗಿಲಲ್ಲಿ ಜನರನ್ನು ತಡೆಯುವ ಹಾಗೆ ಅವನ್ನೆಲ್ಲ ತಡೆದು, ಒಂದನ್ನೇ ಇಳಿಸಿದಳು.

"ಯಾಕ್ರೀ?"

"ಒಂದು ಮಗೂ ಕನ್ನಡಕ ಇದೆ. ಎರಡು ವರ್ಷದ್ದು. ಸ್ಕ್ರೂ ತುಂಬ ಸಣ್ಣದು. ತಗೊಂಡ ಮೇಲೆ ಒಂದೆರಡು ಗಂಟೆ ಕೈ ಇನ್ನೂ ಸ್ವಲ್ಪ ಅದುರುತ್ತೆ. ಅದನ್ನ ಕೂರಿಸ್ಬಿಟ್ಟು ಆಮೇಲೆ ತಗೋತೀನಿ. ಸ್ವಲ್ಪ ತಡ ಆದ್ರೆ ಪರವಾಗಿಲ್ಲ ಅಂದಿದಾರೆ ಡಾಕ್ಟ್ರು, ಕೇಳ್ಕೊಂಡಿದೀನಿ."

"ಎಷ್ಟೊತ್ತಿಗೆ ಮುಗಿಯುತ್ತೆ?"

"ಹನ್ನೊಂದಕ್ಕೆ."

"ಸರಿ," ಅಂದಳು ಕಂಡಕ್ಟರಮ್ಮ. ಬ್ರೆಡ್ಡಿನ ಕೊನೇ ತುಂಡು ಬಾಯಿಗೆ ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

ಹನ್ನೊಂದಕ್ಕೆ ಅವಳ ಬಸ್ಸು ಡಿಪೋದಲ್ಲಿ ನಿಂತಿತ್ತು. ಡ್ರೈವರು ಚಕ್ರಕ್ಕೆ ಒದ್ದು ನೋಡುತ್ತಿದ್ದ. ಅವಳು ಹಿಂದಿನ ಸೀಟಿನಲ್ಲಿ ಕೂತು ಫೋನನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಹನ್ನೊಂದೂ ಐದಾಯಿತು. ಹನ್ನೊಂದೂ ಹತ್ತಾಯಿತು. ಫೋನು ಅದಾಗಿಯೇ ಹೊಡೆದುಕೊಂಡಿತು. ಅತ್ತೆ. ಆ ನಂಬರಿನಿಂದ ಅವಳಿಗೆ ಫೋನು ಬಂದು ವರ್ಷವಾಗುತ್ತ ಬಂದಿತ್ತು.

"ಹಲೋ."

"ಕೇಳಿದ್ಯೇನೇ ಅವ್ನನ್ನ?"

"ಇಲ್ಲ ಅತ್ತೆ. ನೀವು?"

"ಇಲ್ಲ."

ಆ ಕಡೆ ನಲ್ಲಿಯಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಚಪ್ಪಲಿ ಹಾಕ್ಕೊಂಡಿದೀನಿ," ಅಂದಳು ಅತ್ತೆ. "ಅಂಗಡಿ ಮುಂದೆ ಹಾಗೇ ಒಂದು ಸಲ ಹೋಗ್ಬಿಟ್ಟು ಬರ್ಲಾ? ಕೇಳಲ್ಲ, ಬರೀ ನೋಡ್ಕೊಂಡು ಬರ್ತೀನಿ."

"ಬೇಡ ಅತ್ತೆ."

"ನಿಂಗೆ ಹೋಗ್ಬೇಕು ಅನ್ಸಲ್ವೇನೇ?"

"ಬಸ್ಸನ್ನೇ ಆ ಕಡೆ ತಿರುಗಿಸ್ಬೇಕು ಅನ್ಸುತ್ತೆ."

"ಮತ್ತೆ?"

ಡ್ರೈವರು ಹತ್ತಿ ಕೂತು ಹಾರನ್ ಒತ್ತಿದ. ಜನ ಓಡೋಡಿ ಬಂದು ಹತ್ತತೊಡಗಿದರು.

"ಚಪ್ಪಲಿ ಬಿಡಿ ಅತ್ತೆ," ಅಂದಳು ಕಂಡಕ್ಟರಮ್ಮ, ಎದ್ದು ಕಂಬಿ ಹಿಡಿಯುತ್ತ. "ಲೈನಲ್ಲೇ ಇರಿ. ಇಬ್ರೂ ಸುಮ್ನಿರೋಣ."